ಗಾಲಿ ಇಳಿಯದಿದ್ದರೆ ನೆಲ ಸಿದ್ಧವಿದೆಯೇ?

2023ರ ಜುಲೈ 11ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಪ್ರೀಮಿಯರ್ 1ಎ ಮಾದರಿಯ ಒಂದು ಪುಟ್ಟ ಜೆಟ್ ದೇವನಹಳ್ಳಿಯ ನಿಲ್ದಾಣಕ್ಕೆಂದು ಮೇಲೇರಿತು. ಒಳಗಿದ್ದವರು ಇಬ್ಬರು ಪೈಲಟ್‌ಗಳು ಮಾತ್ರ, ಪ್ರಯಾಣಿಕರಿರಲಿಲ್ಲ. ನೆಲ ಬಿಟ್ಟ ಮೇಲೆ ಮೂಗಿನ ಕೆಳಗಿನ ಗಾಲಿ ಕೈಕೊಟ್ಟಿತು. ವಿಮಾನ ಎಚ್‌ಎಎಲ್‌ಗೇ ಮರಳಿತು. ಹಿಂದಿನ ಎರಡು ಗಾಲಿಗಳ ಮೇಲೆ ಮೊದಲು ಇಳಿದು, ವೇಗ ತಗ್ಗಿದಂತೆ ಮೂಗನ್ನು ರನ್‌ವೇಗೆ ಊರಿ, ಉಜ್ಜಿಕೊಂಡು ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆ ದೃಶ್ಯ ಟಿ.ವಿ.ಗಳಲ್ಲಿ, ಮೊಬೈಲುಗಳಲ್ಲಿ ಓಡಾಡಿತು. ಪೈಲಟ್‌ಗಳನ್ನು ಜನ ಹೊಗಳಿದರು. ಹೊಗಳಿಕೆಗೆ ಅವರು ಅರ್ಹರೇ. ಆದರೆ ಅವರಿಗೆ ಮರಳಿ ಬರಲು ಸುಮಾರು 3,300 ಮೀಟರ್ ಉದ್ದದ ರನ್‌ವೇ ಒಂದು ಕೆಳಗೆ ಕಾದಿತ್ತು, ಅಗ್ನಿಶಾಮಕ ದಳ ಇತ್ತು, ಗೋಪುರದಲ್ಲಿ ಪಳಗಿದ ಕಂಟ್ರೋಲರ್‌ಗಳಿದ್ದರು ಎಂಬುದರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ.

ಗಾಲಿಯ ತೊಂದರೆ ಕಾಣಿಸಿಕೊಳ್ಳುವುದು ಆಕಾಶದಲ್ಲಿ. ಅದು ಹುಟ್ಟುವುದು ಬಹುಪಾಲು ನೆಲದ ಮೇಲೆ, ಹ್ಯಾಂಗರಿನಲ್ಲಿ. ಅದರಿಂದ ಜೀವ ಉಳಿಯುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದೂ ನೆಲದ ಮೇಲೆಯೇ. ಇದನ್ನು ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯ ಕಡೆಯಿಂದ ಹೇಳುವುದಕ್ಕೆ ಕಾರಣವಿದೆ. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ನಮ್ಮ ಸೀಮೆಗೆ ರೈಲು ಬರುವುದೇ ಎಷ್ಟು ತಡವಾಯಿತೆಂದು ಎಲ್ಲರಿಗೂ ಗೊತ್ತು. ವಿಮಾನ ನಮಗೆ ದೂರದ ಮಾತು ಅನ್ನಿಸಬಹುದು. ಆದರೆ ಸುತ್ತ ಕಣ್ಣಾಡಿಸಿ ನೋಡಿ. ಪೂರ್ವಕ್ಕೆ ಪುಟ್ಟಪರ್ತಿಯಲ್ಲಿ 1990ರಿಂದಲೂ ಖಾಸಗಿ ವಿಮಾನ ನಿಲ್ದಾಣವಿದೆ. ಪಶ್ಚಿಮಕ್ಕೆ ಚಳ್ಳಕೆರೆಯಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಶಿರಾ ಬಳಿಯೇ ಆಗಲಿ ಎಂದು ಅಲ್ಲಿನ ಶಾಸಕ ಟಿ.ಬಿ.ಜಯಚಂದ್ರ ಮೊದಲಾದವರು ಒತ್ತಾಯಿಸುತ್ತ ಬಂದಿದ್ದಾರೆ. ರಾಜ್ಯದ ಯಾವ ಜಿಲ್ಲೆಗೆ ಹೋದರೂ ಒಂದು ಏರ್‌ಸ್ಟ್ರಿಪ್ ಬೇಕೆಂಬ ಬೇಡಿಕೆ ಕಿವಿಗೆ ಬೀಳುತ್ತದೆ. ಅಂಥ ಏರ್‌ಸ್ಟ್ರಿಪ್‌ಗಳಿಗೆ ಮೊದಲು ಬರುವುದು ದೊಡ್ಡ ಬೋಯಿಂಗ್ ಅಲ್ಲ. ತರಬೇತಿ ವಿಮಾನ, ಉದ್ಯಮಿಗಳ ವಿಮಾನ, ರೋಗಿಯನ್ನು ಹೊತ್ತ ಏರ್ ಆಂಬುಲೆನ್ಸ್, ಚುನಾವಣೆಯ ಕಾಲದಲ್ಲಿ ನಾಯಕರ ಬಾಡಿಗೆ ವಿಮಾನ ಬರುತ್ತವೆ. ಎಲ್ಲವೂ ಸಣ್ಣವು. ಆದ್ದರಿಂದ ಸಣ್ಣ ವಿಮಾನದ ಗಾಲಿಯ ವಿಚಾರ ನಮ್ಮದೂ ಹೌದು.

ಸಣ್ಣ ವಿಮಾನಗಳ ಗಾಲಿಯಲ್ಲಿ ಎರಡು ಬಗೆ. ಸದಾ ಹೊರಗೇ ಇರುವ ಸ್ಥಿರ ಗಾಲಿ ಒಂದು, ಹಾರಿದ ಮೇಲೆ ಹೊಟ್ಟೆಯೊಳಗೋ ರೆಕ್ಕೆಯೊಳಗೋ ಮಡಚಿಕೊಳ್ಳುವ ಗಾಲಿ ಇನ್ನೊಂದು. ತರಬೇತಿ ಶಾಲೆಗಳ ಸೆಸ್ನಾ 152 ಮತ್ತು 172, ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಎರಡು ಸೀಟಿನ ಹಂಸ, ಡಾ. ವಿ.ಎಂ.ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಎಎಲ್ ಕಟ್ಟಿ 1951ರಲ್ಲಿ ಹಾರಿಸಿದ ಎಚ್‌ಟಿ-2 ಇವೆಲ್ಲ ಮೊದಲನೆಯ ಬಗೆ. ಪೈಪರ್ ಸೆನೆಕಾ, ಡೈಮಂಡ್ ಡಿಎ42, ಬೀಚ್‌ಕ್ರಾಫ್ಟ್ ಕಿಂಗ್ ಏರ್, ಪ್ರೀಮಿಯರ್ ಜೆಟ್ ಎರಡನೆಯ ಬಗೆ.

ಸ್ಥಿರ ಗಾಲಿಗೆ ತೊಂದರೆಯೇ ಇಲ್ಲವೆಂದಲ್ಲ. ಸೆಸ್ನಾದ ಹಿಂದಿನ ಎರಡು ಕಾಲುಗಳು ಬಾಗಿ ಮತ್ತೆ ನೆಟ್ಟಗಾಗುವ ಉಕ್ಕಿನವು; ಅವು ಬಹಳ ತಾಳಿಕೊಳ್ಳುತ್ತವೆ. ಮುಂಗಾಲು ಹಾಗಲ್ಲ. ಅದೊಂದು ಕೊಳವೆಯೊಳಗಿನ ಕೊಳವೆ, ಒಳಗೆ ಎಣ್ಣೆ ಮತ್ತು ಒತ್ತಿ ತುಂಬಿದ ಗಾಳಿ ಅಥವಾ ನೈಟ್ರೋಜನ್. ಕಲಿಯುವ ಹುಡುಗ ಹಿಂದಿನ ಗಾಲಿಗಳಿಗಿಂತ ಮೊದಲು ಮುಂಗಾಲನ್ನು ತಾಗಿಸಿದರೆ ವಿಮಾನ ಪುಟಿಯುತ್ತದೆ. ಗಾಬರಿಯಲ್ಲಿ ಅವನು ಮೂಗನ್ನು ಕೆಳಕ್ಕೆ ಒತ್ತುತ್ತಾನೆ, ಅದು ಇನ್ನೂ ಜೋರಾಗಿ ಪುಟಿಯುತ್ತದೆ. ಎರಡು ಮೂರು ಸಲ ಹೀಗಾದರೆ ಮುಂಗಾಲು ಮುರಿದು ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಪ್ರೊಪೆಲ್ಲರ್ ಬಡಿದರೆ ಎಂಜಿನ್ನನ್ನೂ ಬಿಚ್ಚಿ ನೋಡಲೇಬೇಕು. ತರಬೇತಿ ಶಾಲೆಗೆ ಇದು ಲಕ್ಷಾಂತರ ರೂಪಾಯಿಯ ಪೆಟ್ಟು, ವಿದ್ಯಾರ್ಥಿಗೆ ತಿಂಗಳುಗಟ್ಟಲೆ ಕಾಯುವ ಶಿಕ್ಷೆ.

ಆ ಮುಂಗಾಲನ್ನು ಹತ್ತಿರದಿಂದ ನೋಡಬೇಕು. ಕೆಳಗಿನ ಕೊಳವೆಯ ಮೇಲ್ಭಾಗದಲ್ಲಿ ಕನ್ನಡಿಯಂತೆ ಹೊಳೆಯುವ ಕ್ರೋಮಿನ ಒಂದು ಪಟ್ಟಿ ಕಾಣುತ್ತದೆ. ವಿಮಾನ ನಿಂತಿದ್ದಾಗ ಅದು ಕೆಲವು ಬೆರಳಗಲ ಹೊರಗಿರಬೇಕು. ಕಡಿಮೆಯಿದ್ದರೆ ಒಳಗಿನ ಗಾಳಿ ಸೋರಿದೆ ಎಂದರ್ಥ. ಆ ಹೊಳಪಿನ ಮೇಲೆ ಕೆಂಪು ಎಣ್ಣೆಯ ತೆಳು ಉಂಗುರ ಕಂಡರೆ ಸೀಲ್ ಸವೆದಿದೆ. ಬಯಲುಸೀಮೆಯ ಧೂಳು ಈ ಎಣ್ಣೆಗೆ ಅಂಟಿ ಮರಳುಕಾಗದದ ಕೆಲಸ ಮಾಡುತ್ತದೆ. ಪ್ರತಿ ಸಲ ಗಾಲಿ ನೆಲ ಮುಟ್ಟಿದಾಗ ಪಿಸ್ಟನ್ ಒಳಹೋಗಿ ಸೀಲನ್ನು ಇನ್ನಷ್ಟು ಕೊರೆಯುತ್ತದೆ. ಹಾರಾಟ ಮುಗಿದ ಮೇಲೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಆ ಪಟ್ಟಿಯನ್ನು ಒಮ್ಮೆ ಒರೆಸುವುದು ಎರಡು ನಿಮಿಷದ ಕೆಲಸ. ಅದನ್ನು ಮಾಡುವ ಕೈ ಇದೆಯೇ, ಇಲ್ಲವೇ? ನಮ್ಮ ಕಡೆ ಬಂಡಿ ಹೂಡುವ ಮುನ್ನ ಕಡಾಣಿಯನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದ ಹಿರಿಯರಿಗೆ ಈ ಪ್ರಶ್ನೆಯ ತೂಕ ಹೇಳಿಕೊಡಬೇಕಾಗಿರಲಿಲ್ಲ.

ಮಡಚುವ ಗಾಲಿಯಲ್ಲಿ ಇದೆಲ್ಲದರ ಜೊತೆಗೆ ಪಂಪು, ಮೋಟಾರು, ಕೊಕ್ಕೆ, ಬಾಗಿಲು, ಸ್ವಿಚ್ಚು, ವೈರು ಸೇರಿಕೊಳ್ಳುತ್ತವೆ. ಮೂರು ಗಾಲಿಗಳೂ ಪೂರ್ತಿ ಇಳಿದು ಬಿಗಿಯಾಗಿ ಕಚ್ಚಿಕೊಂಡರೆ ಪೈಲಟ್ಟಿನ ಮುಂದೆ ಮೂರು ಹಸಿರು ದೀಪ ಹತ್ತುತ್ತವೆ. ಒಂದು ಹತ್ತಲಿಲ್ಲ ಅನ್ನಿ. ಗಾಲಿ ನಿಜವಾಗಿ ಇಳಿದಿಲ್ಲದಿರಬಹುದು. ಇಳಿದಿದ್ದು, ಕೆಸರು ಹಿಡಿದ ಸ್ವಿಚ್ಚು ಸುಳ್ಳು ಹೇಳುತ್ತಿರಬಹುದು. ಬಲ್ಬ್ ಸುಟ್ಟಿರಬಹುದು. ಕೆಲವು ಪೈಪರ್ ವಿಮಾನಗಳಲ್ಲಿ ರಾತ್ರಿಯ ದೀಪದ ಸ್ವಿಚ್ಚು ಹಾಕಿದ್ದರೆ ಈ ಹಸಿರು ದೀಪಗಳು ತಾವಾಗಿಯೇ ಮಂಕಾಗುತ್ತವೆ. ಹಗಲಿನ ಬಿಸಿಲಲ್ಲಿ ಹತ್ತಿರುವುದೇ ಕಾಣುವುದಿಲ್ಲ. ಗಾಲಿ ಸರಿಯಿದ್ದೂ ಪೈಲಟ್ ಕಂಗಾಲಾಗುತ್ತಾನೆ. ಇಂಥ ಸಂದರ್ಭಕ್ಕೆಂದು ತುರ್ತು ವ್ಯವಸ್ಥೆ ಇದ್ದೇ ಇರುತ್ತದೆ. ಪೈಪರ್‌ಗಳಲ್ಲಿ ಹೈಡ್ರಾಲಿಕ್ ಒತ್ತಡ ಬಿಟ್ಟರೆ ಗಾಲಿಗಳು ತಮ್ಮ ಭಾರಕ್ಕೇ ಕೆಳಗೆ ಬೀಳುತ್ತವೆ. ಬೀಚ್‌ಕ್ರಾಫ್ಟ್ ಬೊನಾಂಜಾದಲ್ಲಿ ಸೀಟಿನ ಹಿಂದಿರುವ ಹಿಡಿಯನ್ನು ಸುಮಾರು 50 ಸುತ್ತು ಕೈಯಿಂದ ತಿರುಗಿಸಬೇಕು. ಒಬ್ಬನೇ ಪೈಲಟ್ ಇದ್ದರೆ ಒಂದು ಕೈ ಹಿಂದಕ್ಕೆ ಚಾಚಿ ಅದನ್ನು ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ವಿಮಾನ ಸಂಭಾಳಿಸಬೇಕು. ಈ ಅಭ್ಯಾಸ ಕೈಗೆ ಬಂದಿರಬೇಕಾದ್ದು ಬಹಳ ಮೊದಲೇ.

ಇಲ್ಲಿ ದೀಪಕ್ಕಿಂತ ದೊಡ್ಡ ಅಪಾಯ ದೀಪದ ಮೇಲಿನ ಗಮನ. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಯಾಮಿ ಬಳಿ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನದಲ್ಲಿ ಮುಂಗಾಲಿಯ ಹಸಿರು ದೀಪ ಹತ್ತಲಿಲ್ಲ. ಕಾಕ್‌ಪಿಟ್‌ನಲ್ಲಿದ್ದ ಎಲ್ಲರೂ ಆ ಬಲ್ಬಿನ ಹಿಂದೆ ಬಿದ್ದರು. ಅಷ್ಟರಲ್ಲಿ ಆಟೋಪೈಲಟ್ ತನ್ನ ಎತ್ತರ ಬಿಟ್ಟುಕೊಟ್ಟಿತ್ತು; ವಿಮಾನ ನಿಧಾನವಾಗಿ ಕೆಳಗಿಳಿದು ಜೌಗು ಪ್ರದೇಶಕ್ಕೆ ಅಪ್ಪಳಿಸಿ 101 ಜನ ಸತ್ತರು. ಕೆಟ್ಟಿದ್ದದ್ದು ಬಲ್ಬ್ ಮಾತ್ರ. ಆರು ವರ್ಷದ ನಂತರ, 1978ರ ಡಿಸೆಂಬರ್ 28ರಂದು, ಪೋರ್ಟ್‌ಲ್ಯಾಂಡ್ ನಗರದ ಮೇಲೆ ಯುನೈಟೆಡ್‌ನ 173ನೇ ವಿಮಾನ ಗಾಲಿಯ ತೊಂದರೆ ಬಗೆಹರಿಸಿಕೊಳ್ಳುತ್ತ ಸುತ್ತುತ್ತಲೇ ಇತ್ತು. ಇಂಧನ ಮುಗಿಯುತ್ತಿದೆಯೆಂದು ಸಹಾಯಕರು ಹೇಳಿದ್ದು ಕ್ಯಾಪ್ಟನ್ನಿನ ಮನಸ್ಸಿಗೆ ನಾಟಲಿಲ್ಲ. ಎಂಜಿನ್‌ಗಳು ಒಂದೊಂದಾಗಿ ನಿಂತವು, ಹತ್ತು ಜನ ತೀರಿಕೊಂಡರು. ಕಾಕ್‌ಪಿಟ್‌ನಲ್ಲಿ ಕಿರಿಯನ ಮಾತನ್ನೂ ಹಿರಿಯ ಕೇಳಿಸಿಕೊಳ್ಳಬೇಕೆಂಬ ತರಬೇತಿ ಜಗತ್ತಿನಲ್ಲಿ ಬೇರೂರಿದ್ದು ಇಂಥ ಅಪಘಾತಗಳ ಪಾಠದಿಂದ. ಇವು ದೊಡ್ಡ ವಿಮಾನಗಳೇ ಸರಿ. ಆದರೆ ಮೂರು ಜನರಿದ್ದ ಕಾಕ್‌ಪಿಟ್‌ನಲ್ಲೇ ಹೀಗಾದರೆ, ಸಣ್ಣ ವಿಮಾನದಲ್ಲಿ ಒಬ್ಬಂಟಿಯಾಗಿರುವ ಪೈಲಟ್ಟಿನ ಪಾಡೇನು?

ಎಲ್ಲವೂ ಸರಿಯಿದ್ದು ಗಾಲಿ ಇಳಿಸುವುದನ್ನೇ ಮರೆಯುವುದೂ ಉಂಟು. ಲೋಕದಲ್ಲೆಲ್ಲ ಸಣ್ಣ ವಿಮಾನಗಳು ಹೊಟ್ಟೆಯ ಮೇಲೆ ಇಳಿಯುವುದಕ್ಕೆ ಇದೊಂದು ಹಳೆಯ ಕಾರಣ. ಎಂಜಿನ್ ವೇಗ ತಗ್ಗಿಸಿದಾಗ ಗಾಲಿ ಮೇಲಿದ್ದರೆ ಹಾರ್ನ್ ಕೂಗುತ್ತದೆ. ಆದರೆ ಎದುರುಗಾಳಿ, ಇನ್ನೊಂದು ವಿಮಾನ, ರೇಡಿಯೋ ಮಾತು ಎಲ್ಲ ಒಟ್ಟಿಗೆ ಮುತ್ತಿದಾಗ ಆ ಕೂಗು ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಸೇನೆಗಳ ವಾಯುನೆಲೆಗಳು ಇದಕ್ಕೆ ಸರಳ ಉಪಾಯ ಕಂಡುಕೊಂಡಿವೆ. ಇಳಿಯಲು ಅನುಮತಿ ಕೊಡುವಾಗಲೇ ಗಾಲಿ ಇಳಿದಿದೆಯೇ ನೋಡಿಕೊಳ್ಳಿ ಎಂದು ಕಂಟ್ರೋಲರ್ ನೆನಪಿಸುತ್ತಾನೆ. ಮನುಷ್ಯನ ನೆನಪು ಸೋಲುತ್ತದೆಂದು ಒಪ್ಪಿಕೊಂಡು, ಇನ್ನೊಬ್ಬ ಮನುಷ್ಯನ ಕಣ್ಣನ್ನೂ ಬಾಯನ್ನೂ ಅದಕ್ಕೆ ಆಸರೆಯಾಗಿ ಕೊಟ್ಟಿರುವ ಏರ್ಪಾಡಿದು. ಕಂಟ್ರೋಲರೇ ಇಲ್ಲದ ಜಿಲ್ಲಾ ಏರ್‌ಸ್ಟ್ರಿಪ್‌ನಲ್ಲಿ ಆ ಆಸರೆ ಇರುವುದಿಲ್ಲ.

ಮರೆತದ್ದು ನೆಲ ಉಜ್ಜಿದ ಮೇಲೆ ನೆನಪಾದರೆ ಏನು ಮಾಡಬೇಕು? ಅಲ್ಲೇ ನಿಲ್ಲಬೇಕು. 2020ರ ಮೇ 22ರಂದು ಕರಾಚಿಯಲ್ಲಿ ಪಾಕಿಸ್ತಾನದ ಏರ್‌ಬಸ್ ಒಂದು ಗಾಲಿಯಿಲ್ಲದೆ ರನ್‌ವೇಗೆ ತಾಗಿ, ಎಂಜಿನ್‌ಗಳನ್ನು ಉಜ್ಜಿಕೊಂಡು, ಮತ್ತೆ ಮೇಲೇರಿತು. ಗಾಯಗೊಂಡ ಎಂಜಿನ್‌ಗಳು ಸ್ವಲ್ಪ ಹೊತ್ತಿನಲ್ಲೇ ನಿಂತುಹೋದವು. ವಿಮಾನದಲ್ಲಿದ್ದ 99 ಜನರಲ್ಲಿ ಬದುಕಿದ್ದು ಇಬ್ಬರೇ. ಪ್ರೊಪೆಲ್ಲರ್ ಬಾಗಿದ ಸಣ್ಣ ವಿಮಾನಕ್ಕೂ ಇದೇ ನಿಯಮ.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿಗೆ ಬರುತ್ತೇನೆ. ಗಾಲಿಯ ವಿಷಯದಲ್ಲಿ ಭಾರಿ ಅಪಾಯಕಾರಿಯಾದದ್ದು ಪುಸ್ತಕದಲ್ಲಿ ದಾಖಲಾಗದ ಒಂದು ಪೆಟ್ಟು. ವಿದ್ಯಾರ್ಥಿ ಜೋರಾಗಿ ಇಳಿಸಿದ. ಹೊರಗೆ ಏನೂ ಕಾಣಲಿಲ್ಲ. ಬೋಧಕರು ಬಯ್ಯುತ್ತಾರೆಂದು ಅವನು ಹೇಳಲಿಲ್ಲ. ಅಥವಾ ಹೇಳಿದ, ವಿಮಾನ ನಿಂತರೆ ಆ ದಿನದ ಹಾರಾಟವೆಲ್ಲ ಹಾಳೆಂದು ಬೋಧಕರೇ ಲಾಗ್‌ಬುಕ್ಕಿನಲ್ಲಿ ಬರೆಯಲಿಲ್ಲ. ಒಳಗೆ ಬೋಲ್ಟಿನ ಬುಡದಲ್ಲಿ, ಎಂಜಿನ್ನಿನ ಹಿಂದಿನ ಲೋಹದ ತಡೆಗೋಡೆಯಲ್ಲಿ ಕೂದಲೆಳೆಯ ಬಿರುಕು ಹುಟ್ಟಿತು. ಅದು ಒಡೆಯುವುದು ಮುಂದೆಂದೋ, ಚೆನ್ನಾಗಿ ಇಳಿಸಿದ ಇನ್ನೊಬ್ಬ ವಿದ್ಯಾರ್ಥಿಯ ಕೈಯಲ್ಲಿ. ತಪ್ಪು ಅವನ ತಲೆಗೆ ಕಟ್ಟಿ ಕಡತ ಮುಚ್ಚಿಹೋಗುತ್ತದೆ. ಹೇಳಿದವನಿಗೆ ಶಿಕ್ಷೆ, ಮುಚ್ಚಿಟ್ಟವನಿಗೆ ರಕ್ಷೆ ಎಂಬ ವಾತಾವರಣ ಇರುವ ತನಕ ಎಂಥ ಒಳ್ಳೆಯ ವಿಮಾನವೂ ಸುರಕ್ಷಿತವಲ್ಲ. ನಮ್ಮಲ್ಲಿ ವಿಮಾನ ಅಪಘಾತಗಳ ತನಿಖೆಗೆ 2012ರಿಂದ ಎಎಐಬಿ ಎಂಬ ಪ್ರತ್ಯೇಕ ಸಂಸ್ಥೆಯಿದೆ. ಅದರ ವರದಿಗಳ ಉದ್ದೇಶ ಮುಂದಿನ ಅಪಘಾತ ತಪ್ಪಿಸುವುದೇ ಹೊರತು ತಪ್ಪಿತಸ್ಥರನ್ನು ಗೊತ್ತುಮಾಡುವುದಲ್ಲ ಎಂದು ನಿಯಮವೇ ಹೇಳುತ್ತದೆ. ಈ ತಿಳಿವಳಿಕೆ ದೆಹಲಿಯ ವರದಿಯಿಂದ ಇಳಿದು ಜಕ್ಕೂರು, ಮೈಸೂರು, ಕಲಬುರಗಿ, ಬೆಳಗಾವಿಯ ಹ್ಯಾಂಗರುಗಳಿಗೆ ಬರಬೇಕು. ಜೋರಾಗಿ ಇಳಿಸಿದೆನೆಂದು ತಾನಾಗಿ ಬಂದು ಹೇಳುವ ವಿದ್ಯಾರ್ಥಿಗೆ ಶಾಲೆಯಲ್ಲಿ ಗೌರವ ಸಿಗಬೇಕು.

ಮಡಚುವ ಗಾಲಿಯ ನಿಜವಾದ ಪರೀಕ್ಷೆಗೆ ವಿಮಾನವನ್ನು ಜಾಕ್‌ಗಳ ಮೇಲೆ ಎತ್ತಿ ನಿಲ್ಲಿಸಬೇಕು. ಗಾಲಿಯನ್ನು ಮಡಚಿ, ಇಳಿಸಿ, ಮತ್ತೆ ಮಡಚಿ, ಕೊಕ್ಕೆ ಎಲ್ಲಿ ಕಚ್ಚುತ್ತದೆ, ಬಾಗಿಲು ಎಲ್ಲಿ ಉಜ್ಜುತ್ತದೆ ಎಂದು ಬಗ್ಗಿ ನೋಡಬೇಕು. ತುರ್ತು ವ್ಯವಸ್ಥೆಯಲ್ಲೂ ಒಮ್ಮೆ ಇಳಿಸಬೇಕು. ಇದಕ್ಕೆ ಸಮತಟ್ಟಾದ ಹ್ಯಾಂಗರು, ಸರಿಯಾದ ಜಾಕು, ಲೈಸೆನ್ಸ್ ಇರುವ ಎಂಜಿನಿಯರ್, ಜೊತೆಗೆ ಒಂದಿಬ್ಬರು ಬೇಕು. ದುಬಾರಿ ವಿಮಾನ ಕೊಳ್ಳುವುದು ಸುಲಭ, ಈ ಕೆಲಸಕ್ಕೆ ಜನರನ್ನು ಸಾಕುವುದು ಕಷ್ಟ. ಮೈಸೂರು ಮಹಾರಾಜರ ಕಾಲದ ನೆರವಿನಿಂದ ಹುಟ್ಟಿದ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲೇ ಬೋಧಕರಿಲ್ಲದೆ ವಿಮಾನಗಳು ಸುಮ್ಮನೆ ನಿಂತ ವರ್ಷಗಳಿದ್ದವು. ರಾಜಧಾನಿಯ ಶಾಲೆಯ ಪಾಡು ಅದಾದರೆ, ತಾಲ್ಲೂಕಿಗೆ ಹೊಸದಾಗಿ ಬರುವ ಏರ್‌ಸ್ಟ್ರಿಪ್‌ನಲ್ಲಿ ಎಂಜಿನಿಯರ್ ಇರುತ್ತಾರೆಂದು ನಂಬುವುದು ಹೇಗೆ?

ಹಾಗಾದರೆ ಸಣ್ಣ ವಿಮಾನಕ್ಕೆ ಗಾಲಿ ಮಡಚಲೇಬೇಕೇ? ಲೆಕ್ಕ ಹಾಕಿ ನೋಡೋಣ. ಒಂದೇ ಬಗೆಯ ಸೆಸ್ನಾ 182ರಲ್ಲಿ ಗಾಲಿ ಮಡಚುವ ಮಾದರಿ ಗಂಟೆಗೆ ಸುಮಾರು 25 ಕಿ.ಮೀ. ಹೆಚ್ಚು ವೇಗದಲ್ಲಿ ಹೋಗುತ್ತದೆ. ಬೆಂಗಳೂರಿನಿಂದ ಪುಟ್ಟಪರ್ತಿಗೆ ಗಾಳಿದಾರಿ ಸುಮಾರು 120 ಕಿ.ಮೀ. ಅಷ್ಟು ದೂರದಲ್ಲಿ ಉಳಿಯುವುದು ಮೂರೇ ನಿಮಿಷ. ಆ ಮೂರು ನಿಮಿಷಕ್ಕಾಗಿ ಪಂಪು, ಮೋಟಾರು, ಸ್ವಿಚ್ಚುಗಳ ಇಡೀ ಸಂಸಾರವನ್ನು ಹೊತ್ತು ತಿರುಗಬೇಕು. ಅಮೆರಿಕದ ಸಿರಸ್ ಕಂಪನಿ ತನ್ನ ಎಸ್‌ಆರ್22 ವಿಮಾನಕ್ಕೆ ಸ್ಥಿರ ಗಾಲಿಯನ್ನೇ ಇಟ್ಟು, ಅದಕ್ಕೆ ಗಾಳಿ ಸೀಳುವ ಕವಚ ತೊಡಿಸಿ, ಗಂಟೆಗೆ 330 ಕಿ.ಮೀ.ಗೂ ಮಿಕ್ಕಿದ ವೇಗ ಪಡೆಯಿತು. ಒರಟು ರನ್‌ವೇಗಳಲ್ಲಿ ಜನ ಸಾಮಾನು ಸಾಗಿಸುವ ಸೆಸ್ನಾ ಕ್ಯಾರವಾನ್ ಕೂಡ ಸ್ಥಿರ ಗಾಲಿಯದೇ. ಜೆಟ್‌ಗಳಿಗೆ, ಎತ್ತರದಲ್ಲಿ ದೂರ ಹಾರುವ ವಿಮಾನಗಳಿಗೆ ಮಡಚುವ ಗಾಲಿ ಬೇಕೇ ಬೇಕು, ನಿಜ. ಎರಡು ಎಂಜಿನ್ನಿನ ವಿಮಾನ ಕಲಿಯುವ ಹಂತದಲ್ಲಿ ವಿದ್ಯಾರ್ಥಿಗಳೂ ಅದನ್ನು ಅಭ್ಯಾಸ ಮಾಡಬೇಕು. ಆದರೆ ವೃತ್ತಿ ಲೈಸೆನ್ಸಿಗೆ ಮಡಚುವ ಗಾಲಿಯ ಒಂಟಿ ಎಂಜಿನ್ ವಿಮಾನವೇ ಬೇಕೆಂಬ ಕಟ್ಟುಪಾಡನ್ನು ಅಮೆರಿಕ 2018ರಲ್ಲಿ ಸಡಿಲಿಸಿತು. ಜಿಲ್ಲೆಗಳ ನಡುವಿನ ಓಡಾಟಕ್ಕೆ, ಆರಂಭದ ತರಬೇತಿಗೆ ಸ್ಥಿರ ಗಾಲಿಯ ವಿಮಾನವೇ ಸರಿಯಾದ ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸರ್ಕಾರ ಇಂಥ ಸೇವೆಗೆ ಸಹಾಯಧನ ಕೊಡುವಾಗ ಇದನ್ನು ಪರಿಗಣಿಸಬೇಕು.

ಉಳ್ಳವರ ವಿಮಾನದ ಚಿಂತೆ ನಮಗೇಕೆ ಎನ್ನುವವರಿದ್ದಾರೆ. ಅವರ ಮಾತಿನ ಹಿಂದೆ ನ್ಯಾಯವಾದ ಸಿಟ್ಟಿದೆ. ಕುಡಿಯುವ ನೀರಿಗೆ ಇಷ್ಟು ವರ್ಷ ಒದ್ದಾಡಿದ ತಾಲ್ಲೂಕು ನಮ್ಮದು. ಆದರೆ 2021ರ ಮೇ 6ರಂದು ನಾಗಪುರದಲ್ಲಿ ಏನಾಯಿತೆಂದು ನೋಡಿ. ಕೋವಿಡ್ ಎರಡನೇ ಅಲೆಯ ದಿನಗಳು. ಬೀಚ್‌ಕ್ರಾಫ್ಟ್ ಸಿ-90 ಏರ್ ಆಂಬುಲೆನ್ಸ್ ಅಲ್ಲಿಂದ ಮೇಲೇರುವಾಗ ಗಾಲಿಯೊಂದು ಕಳಚಿ ಬಿತ್ತು. ಒಳಗೆ ರೋಗಿ, ಜೊತೆಗೆ ಬಂದವರು, ವೈದ್ಯರು, ಇಬ್ಬರು ಪೈಲಟ್‌ಗಳು, ಒಟ್ಟು ಐದು ಜನ. ವಿಮಾನವನ್ನು ಮುಂಬೈಗೆ ತಿರುಗಿಸಲಾಯಿತು. ಅಲ್ಲಿ ರನ್‌ವೇ ಮೇಲೆ ನೊರೆ ಹಾಸಿ, ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಸಜ್ಜಾಗಿ ನಿಂತವು. ವಿಮಾನ ಹೊಟ್ಟೆಯ ಮೇಲೆ ಇಳಿಯಿತು, ಐವರೂ ಬದುಕಿದರು. ಆ ವಿಮಾನದಲ್ಲಿ ಮಲಗಿದ್ದದ್ದು ಒಬ್ಬ ರೋಗಿ. ಇನ್ನು ತರಬೇತಿ ವಿಮಾನಗಳಲ್ಲಿ ಕೂರುವವರು ಯಾರು? ಜಮೀನು ಅಡವಿಟ್ಟು ಮಕ್ಕಳನ್ನು ಪೈಲಟ್ ಮಾಡಿಸಲು ಹೊರಟ ಮಧ್ಯಮ ವರ್ಗದವರ ಮಕ್ಕಳೂ ಅವರಲ್ಲಿದ್ದಾರೆ.

ಹೊಟ್ಟೆಯ ಮೇಲೆ ಇಳಿಯುವುದು ಕಣ್ಣಿಗೆ ಭಯಂಕರ. ಆದರೆ ನಿಧಾನ ವೇಗದ ಸಣ್ಣ ವಿಮಾನದಲ್ಲಿ, ಉದ್ದನೆಯ ನುಣುಪು ರನ್‌ವೇಯಲ್ಲಿ, ಅದರಿಂದ ಪ್ರಾಣಾಪಾಯ ಕಡಿಮೆ. ಬೆಂಕಿ ಹತ್ತಿದರೆ ಮಾತ್ರ ನಿಮಿಷಗಳೇ ಎಲ್ಲ. ನಾಯಕರ ಹೆಲಿಕಾಪ್ಟರ್ ಬರುವಾಗ ತಾಲ್ಲೂಕಿನ ಅಗ್ನಿಶಾಮಕ ವಾಹನ ಹೆಲಿಪ್ಯಾಡಿನ ಪಕ್ಕ ಬಂದು ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಒಂಟಿಯಾಗಿ ಹಾರುವ ವಿದ್ಯಾರ್ಥಿಗೂ ಅದೇ ರಕ್ಷಣೆ ಸಿಗಬೇಕು. ಬಿಸಿಲೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಪಾವಗಡದ ಏಪ್ರಿಲ್ ಬಿಸಿಲಲ್ಲಿ ಗಾಳಿ ತೆಳುವಾಗಿ, ಮೀಟರಿನಲ್ಲಿ ವೇಗ ಅಷ್ಟೇ ಕಂಡರೂ ನೆಲದ ಮೇಲಿನ ನಿಜವಾದ ವೇಗ ಹೆಚ್ಚಿರುತ್ತದೆ. ಟೈರು, ಬ್ರೇಕು ಹೆಚ್ಚು ಕಾಯುತ್ತವೆ, ಓಟ ಉದ್ದವಾಗುತ್ತದೆ. ಮಲೆನಾಡಿಗೆ ಸಾಲುವ ರನ್‌ವೇ ಉದ್ದ ಇಲ್ಲಿಗೆ ಸಾಲದು.

ನಮ್ಮ ಸೀಮೆಗೆ ಇದೆಲ್ಲ ಆಗದ ಕೆಲಸವೆಂದು ಹೇಳುವವರಿಗೆ ಚಳ್ಳಕೆರೆಯನ್ನು ತೋರಿಸುತ್ತೇನೆ. ಮರುಬಳಕೆಯ ರಾಕೆಟ್ಟಿಗಾಗಿ ಇಸ್ರೋ ರೂಪಿಸಿದ ರೆಕ್ಕೆಯ ವಾಹನ ಅಲ್ಲಿ 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು, ಮೂರು ಸಲ, ತಾನೇ ತಾನಾಗಿ ರನ್‌ವೇಗೆ ಇಳಿಯಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದಿಂದ ಕೆಳಕ್ಕೆ ಬಿಟ್ಟಿತು. ಮೂರನೆಯ ಸಲ ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿ.ಮೀ.ಗೂ ಹೆಚ್ಚು, ಪ್ರಯಾಣಿಕರ ವಿಮಾನ ಇಳಿಯುವ ವೇಗಕ್ಕಿಂತ ಎಷ್ಟೋ ಜಾಸ್ತಿ. ಪ್ಯಾರಾಚೂಟ್ ಬಿಚ್ಚಿ ವೇಗವನ್ನು ನೂರರ ಆಸುಪಾಸಿಗೆ ತಂದ ಮೇಲೆ ಗಾಲಿಯ ಬ್ರೇಕು ಕೆಲಸ ಮಾಡಿತು. ಕುರಿ ಮೇಯುತ್ತಿದ್ದ ಕಾವಲಿನ ನೆಲದಲ್ಲಿ ಇದು ಸಾಧ್ಯವಾಯಿತು. ವರ್ಷಗಟ್ಟಲೆ ತಯಾರಿ ಮಾಡಿದ ಜನ ಅಲ್ಲಿದ್ದರು, ಅದಕ್ಕೆ ಬೇಕಾದ ಹಣವನ್ನು ದೇಶ ಕೊಟ್ಟಿತ್ತು. ಮನಸ್ಸು ಮಾಡಿದರೆ ಬಯಲುಸೀಮೆಯ ರನ್‌ವೇಯಲ್ಲೂ ಜಗತ್ತು ಮೆಚ್ಚುವ ಶಿಸ್ತು ಇರಬಲ್ಲದು.

ಶಿರಾಕ್ಕೆ ನಿಲ್ದಾಣ ಬರಲಿ ಎಂದು ಸಹಿ ಸಂಗ್ರಹಿಸುವವರಲ್ಲಿ, ಜಿಲ್ಲೆಗೊಂದು ಏರ್‌ಸ್ಟ್ರಿಪ್ ಕೇಳುವ ಜನಪ್ರತಿನಿಧಿಗಳಲ್ಲಿ ನನ್ನದೊಂದು ಮನವಿ. ಟರ್ಮಿನಲ್ ಕಟ್ಟಡದ ಚಿತ್ರಕ್ಕಿಂತ ಮೊದಲು ಹ್ಯಾಂಗರಿನ ಎಂಜಿನಿಯರ್ ಹುದ್ದೆ ಮಂಜೂರಾಗಿದೆಯೇ ಎಂದು ಕೇಳಿ. ಲಾಗ್‌ಬುಕ್ಕನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರಿಶೀಲಿಸುತ್ತಾರೆ ಎಂದು ಕೇಳಿ. ತುಮಕೂರಿನ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಕಲಿತ ನಮ್ಮ ಮಕ್ಕಳು ಆ ಹ್ಯಾಂಗರಿನಲ್ಲಿ ವಿಮಾನದ ಮುಂಗಾಲು ಬಿಚ್ಚಿ ಜೋಡಿಸುವ ಕೆಲಸಕ್ಕೆ ತರಬೇತಾಗುವ ದಾರಿ ಮಾಡಿಕೊಡಿ. ಒಂದೇ ಒಂದು ಸೆಸ್ನಾ ಹಾರುವ ದಿನವೂ ರನ್‌ವೇ ಪಕ್ಕದಲ್ಲಿ ಅಗ್ನಿಶಾಮಕ ವಾಹನ, ಅದರಲ್ಲಿ ತರಬೇತಾದ ಸಿಬ್ಬಂದಿ ನಿಂತಿರಬೇಕು. ಅದನ್ನು ಒದಗಿಸಲಾಗದ ಏರ್‌ಸ್ಟ್ರಿಪ್‌ನಲ್ಲಿ ವಿದ್ಯಾರ್ಥಿಗಳನ್ನು ಹಾರಿಸಲು ಅನುಮತಿ ಕೊಡಬಾರದು.